ಅಕ್ಕನ ದನಿಯಲ್ಲಿ ನನ್ನ ಒಲ್ಲೆ

ನಮ್ಮ ಮನೆಗೆ ಯಾರಾದರೂ ಬಂದರೆ ನನ್ನನ್ನು ಬೀಜದ ಖೋಲಿಗೆ ತಳ್ಳುತ್ತಿದ್ದರು. ತಳ್ಳುತ್ತಿದ್ದರು ಎನ್ನುವುದು ದೂರಲ್ಲ. ನನ್ನ ಕುರ್ಚಿಗೆ ಚಕ್ರಗಳಿದ್ದವು. ರಾಣೆಬೆನ್ನೂರಿನ ನಮ್ಮ ಮನೆ ಬೀದಿಯಿಂದ ಹಿತ್ತಲಿನವರೆಗೆ ಉದ್ದಕ್ಕೆ ಇತ್ತು. ಮೊದಲು ಪಡಸಾಲೆ, ಅದರ ಎಡಕ್ಕೆ ಬೀಜದ ಖೋಲಿ, ಆಮೇಲೆ ನಡುಮನೆ, ಅಡಿಗೆಮನೆ, ಕೊನೆಗೆ ಬಚ್ಚಲು. ಅಪ್ಪನದು ಬೀಜದ ಅಂಗಡಿ. ಅಂಗಡಿಯಲ್ಲಿ ಹಿಡಿಸದ ಚೀಲಗಳು ಈ ಖೋಲಿಯಲ್ಲಿ ಇರುತ್ತಿದ್ದವು. ಒಂದೇ ಕಿಟಕಿ, ಅದೂ ಎತ್ತರದಲ್ಲಿ. ಬೀಜಕ್ಕೆ ಹಚ್ಚುವ ಗುಲಾಬಿ ಬಣ್ಣದ ಔಷಧಿಯ ವಾಸನೆ ಗೋಡೆಗೂ ಹಿಡಿದಿತ್ತು. ಪಡಸಾಲೆಯಲ್ಲಿ ಕುಳಿತವರು ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಹೋಗುವವರೆಗೆ ನಾನು ಸೌತೆ, ಹೀರೆ, ಟೊಮೆಟೊಗಳ ನಡುವೆ ಇರುತ್ತಿದ್ದೆ. ಇದಕ್ಕೆ ಯಾರೂ ಕಾರಣ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಚಪ್ಪಲಿ ಹೊರಗೆ ಬಿಡುವ ಹಾಗೆ, ಮುಸ್ಸಂಜೆ ದೀಪ ಹಚ್ಚುವ ಹಾಗೆ ಅದೂ ಮನೆಯ ಒಂದು ರೂಢಿ. ಬೀದಿಯಲ್ಲಿ ಗಾಡಿ ನಿಂತ ಸಪ್ಪಳವಾದರೆ ಅವ್ವ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು.

"ಪಾರೂ, ಮಂದಿ ಬಂದ್ರವಾ. ಸ್ವಲ್ಪ ಒಳಗಿರು, ಹಂ? ಶಾಣ್ಯಾಕಿ ನನ್ನ ಮಗಳು."

ಬಾಗಿಲು ಮುಂದಕ್ಕೆ ಮಾಡುತ್ತಿದ್ದಳು. ಚಿಲಕ ಹಾಕುತ್ತಿರಲಿಲ್ಲ. ಹಾಕುವ ಅಗತ್ಯವಿರಲಿಲ್ಲ.

ನನಗಿರುವುದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಹುಟ್ಟುವ ಹೊತ್ತಿನಲ್ಲಿ ಮೆದುಳಿಗೆ ಆದ ಪೆಟ್ಟು. ಕೈಕಾಲು ನನ್ನ ಮಾತನ್ನು ಕೇಳುತ್ತವೆ, ಆದರೆ ತಡವಾಗಿ, ತಮಗೆ ತೋಚಿದ ದಾರಿಯಲ್ಲಿ. ನಾಲಗೆಯೂ ಹಾಗೆಯೇ, ನಾನು ಹೊರಡಿಸುವ ದನಿಯಲ್ಲಿ ಮಾತನ್ನು ಗುರುತಿಸಬಲ್ಲವರು ಆಗ ಮನೆಯಲ್ಲಿ ಇಬ್ಬರೇ ಇದ್ದರು, ಅವರೂ ಅರ್ಧವನ್ನು ಊಹಿಸುತ್ತಿದ್ದರು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಕನಿಕರಪಡಲು ಬೇಕಾಗುವ ವಿವರಗಳು ಬೇಕಾದಷ್ಟಿವೆ. ಅವು ನನ್ನವು, ನನ್ನಲ್ಲಿಯೇ ಇರುತ್ತವೆ. ನಾನು ಹೇಳಬೇಕಿರುವುದು ಬೇರೆ: ಒಂದು ಮನೆಯಲ್ಲಿ ಎಣಿಕೆಗೆ ಸಿಗುವುದು ಎಂದರೇನು, ಅದಕ್ಕೆ ಎಷ್ಟು ಗದ್ದಲ ಮಾಡಬೇಕಾಗುತ್ತದೆ ಎಂಬುದು. ಅದರಲ್ಲಿ ನಾನು ಅಕ್ಕನಿಗೆ ಮಾಡಿದ ನಷ್ಟವೂ ಸೇರಿದೆ. ಅದನ್ನು ಬಚ್ಚಿಡುವುದಿಲ್ಲ.

ಕುರ್ಚಿ ಮಾಡಿದವನು ನಮ್ಮ ಓಣಿಯ ಬಡಿಗ. ನನ್ನನ್ನು ಅಕ್ಕಿಯ ಚೀಲದ ಹಾಗೆ ಎತ್ತಿ, ನಾಲ್ಕು ಕಡೆ ನೂಲು ಹಿಡಿದು ಅಳತೆ ತೆಗೆದುಕೊಂಡಿದ್ದ. ಜಾರದಂತೆ ತೊಡೆಗಳ ನಡುವೆ ಒಂದು ಗೂಟ, ಎದೆಗೆ ಅವ್ವನ ಹಳೆಯ ಸೀರೆಯ ಅಂಚಿನ ಪಟ್ಟಿ, ಮುಂದೆ ತೆಗೆದು ಹಾಕಬಹುದಾದ ಹಲಗೆ. ಊಟ ಆ ಹಲಗೆಯ ಮೇಲೆಯೇ. ಉಣಿಸುವ ವಿಚಾರದಲ್ಲಿ ಅವ್ವನಿಗೂ ಆಯಿಗೂ ಪ್ರತಿದಿನ ತಕರಾರು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವ್ವ ಅನ್ನ, ಸಾರು, ಪಲ್ಯ, ರೊಟ್ಟಿ ಎಲ್ಲವನ್ನೂ ಒಂದೇ ಮುದ್ದೆ ಮಾಡಿ, ನಾನು ನುಂಗುವುದು ಸಲೀಸಾಗಲಿ ಎಂದು ಕಿವುಚುತ್ತಿದ್ದಳು. ಆಯಿ ಅದನ್ನು ನೋಡಿದರೆ ತಟ್ಟೆಯನ್ನೇ ಕಸಿಯುತ್ತಿದ್ದಳು.

"ಎಮ್ಮಿಗೆ ಕಲಸಿದಂಗ ಕಲಸೀಯಲ್ಲ! ಯಾವುದು ಬದನಿಕಾಯಿ, ಯಾವುದು ಬ್ಯಾಳಿ ಅಂತ ಕೂಸಿಗೆ ಗೊತ್ತಾಗೂದು ಬ್ಯಾಡೇನ?"

"ಒಂದೊಂದ ತುತ್ತಿಗೆ ಒಂದೊಂದ ತಾಸು ನೀವ ಕುಂದ್ರತೀರೇನ್ರಿ ಅತ್ತಿ?"

"ಕುಂದ್ರತೇನಿ. ನನಗೇನ ಕಚೇರಿ ಐತಿ?"

ಆಯಿ ಕುಳಿತೇ ಕುಳಿತಳು. ರೊಟ್ಟಿಯ ತುಣುಕನ್ನು ಸಾರಿನಲ್ಲಿ ನೆನೆಸಿ, ಒಂದೊಂದು ಪಲ್ಯವನ್ನೂ ಬೇರೆಯಾಗಿ ಇಡುತ್ತಿದ್ದಳು. ರುಚಿಗಳು ಬೇರೆ ಬೇರೆ ಎಂದು ತಿಳಿದದ್ದು ಆಕೆಯಿಂದ. ಆದರೆ ಯಾವ ರುಚಿ ಮೊದಲು, ಯಾವುದು ಬೇಡ ಎಂದು ತೀರ್ಮಾನಿಸುವವಳೂ ಆಕೆಯೇ. ಬಾಯಿ ತೆರೆಯದಿದ್ದರೆ ಗಲ್ಲ ಒತ್ತಿ ತೆರೆಸುತ್ತಿದ್ದಳು, ಅಷ್ಟೇ ಪ್ರೀತಿಯಿಂದ.

ಅಪ್ಪನಿಗೆ ನನ್ನಿಂದ ಒಂದು ಕೆಲಸವಿತ್ತು. ಬೀಜ ಮಾರುವ ಮೊದಲು ಅವನು ತಾನೇ ಮೊಳಕೆ ನೋಡುತ್ತಿದ್ದ. ನೂರು ಬೀಜಗಳನ್ನು ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ತೇವ ಆರದಂತೆ ಕೆಲವು ದಿನ ಕಾದು, ಬಿಚ್ಚಿ ಎಷ್ಟು ಮೊಳೆತಿವೆ ಎಂದು ಎಣಿಸುವುದು. ಅಪ್ಪನಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ, ಕನ್ನಡಕ ಹಾಕಿಕೊಳ್ಳಲು ನಾಚಿಕೆ. ಬಟ್ಟೆಯನ್ನು ನನ್ನ ಹಲಗೆಯ ಮೇಲೆ ಹಾಸಿ ಕಡ್ಡಿಯಿಂದ ಒಂದೊಂದನ್ನೇ ಮುಟ್ಟುತ್ತಿದ್ದ. ಮೊಳೆತಿದ್ದರೆ ನಾನು ಕಣ್ಣು ಮೇಲೆತ್ತಬೇಕು, ಇಲ್ಲದಿದ್ದರೆ ಕೆಳಗಿಳಿಸಬೇಕು. ಒಂದು ದಿನವೂ ಅವನು ನನ್ನ ಉತ್ತರವನ್ನು ಎರಡನೆಯ ಸಲ ಕೇಳಲಿಲ್ಲ. ಎಷ್ಟೋ ರೈತರು ತಮಗೆ ಗೊತ್ತಿಲ್ಲದೆ ನನ್ನ ಕಣ್ಣನ್ನು ನಂಬಿ ಬಿತ್ತಿದ್ದಾರೆ. ಆದರೆ ಕಣ್ಣಿಗೆ ಒಂದು ಮಿತಿಯಿದೆ. ಅಪ್ಪ ಕಡ್ಡಿ ಇಟ್ಟ ಮೇಲೆಯೇ ಅದು ಉತ್ತರ ಕೊಡಬಲ್ಲದು. ಯಾರೂ ಕೇಳದ ಪ್ರಶ್ನೆಗೆ ಕಣ್ಣಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಖೋಲಿಗೆ ಹೋಗುತ್ತೀಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಕೇಳದೆಯೇ ಹೇಳುವ ದಾರಿಯನ್ನು ಮೊದಲು ಮಾಡಿಕೊಟ್ಟವಳು ಅಕ್ಕ, ಶೈಲಾ. ನನಗಿಂತ ಆರು ವರ್ಷ ದೊಡ್ಡವಳು. ಹಂಗಾಮು ಮುಗಿದ ಮೇಲೆ ಉಳಿದ ಬೀಜದ ಪೊಟ್ಟಣಗಳ ಚೀಟುಗಳಿಂದ ಚಿತ್ರಗಳನ್ನು ಕತ್ತರಿಸಿ, ಮೈದಾಹಿಟ್ಟಿನ ಅಂಟಿನಿಂದ ನನ್ನ ಹಲಗೆಯ ಮೇಲೆ ಹಚ್ಚಿದಳು. ಕಲ್ಲಂಗಡಿ ಎಂದರೆ ನೀರು. ಬದನೆ ಎಂದರೆ ಊಟ. ಮೆಣಸಿನಕಾಯಿ ಎಂದರೆ ನೋವು. ಬೆಂಡೆ ಎಂದರೆ ಆಯಿ, ಆಕೆಯ ಬೆರಳುಗಳು ಹಾಗಿದ್ದವು ಎಂಬ ಕಾರಣಕ್ಕೆ. ಚೆಂಡುಹೂವು ಎಂದರೆ ಬಚ್ಚಲಿಗೆ ಹೋಗಬೇಕು. ಯಾಕೆ ಚೆಂಡುಹೂವು ಎಂದು ಈಗ ಅಕ್ಕನಿಗೂ ನೆನಪಿಲ್ಲ. ನನ್ನ ಎಡಗೈಯ ಹೆಬ್ಬೆರಳಿನ ಗೆಣ್ಣು ಎಲ್ಲಿ ಬೀಳುತ್ತದೋ ಅದು ನನ್ನ ಮಾತು. ಕೊನೆಗೆ ಒಂದು ಹಾಗಲಕಾಯಿ ಹಚ್ಚಿ ಅಕ್ಕ ಹೇಳಿದಳು:

"ಇದು ಒಲ್ಲೆ. ಬ್ಯಾಡಾದಾಗ ಇದನ್ನ ಮುಟ್ಟು."

ಅವ್ವ ಮರುದಿನ ಒದ್ದೆ ಬಟ್ಟೆಯಿಂದ ಹಲಗೆ ಒರೆಸುವಾಗ ಹಾಗಲಕಾಯಿಯನ್ನು ಮಾತ್ರ ಉಗುರಿನಿಂದ ಕೆರೆದು ತೆಗೆದಳು.

"ಬೇಕಾದ್ದ ಹೇಳಲಿ, ಸಾಕು. ಇದೊಂದು ಇತ್ತಂದ್ರ ದಿನಾ ಪೂರಾ ಇದನ್ನ ಬಡಕೋತ ಕುಂದ್ರತಾಳ."

ಅವ್ವನನ್ನು ನಾನು ಕೆಟ್ಟವಳೆಂದು ಬರೆಯುತ್ತಿಲ್ಲ. ನನ್ನನ್ನು ಎತ್ತಿ ಇಳಿಸಿ ಆಕೆಯ ಸೊಂಟ ಹೋಗಿತ್ತು. ಹೌದು ಎನ್ನುವ ಮಗಳನ್ನು ಎತ್ತುವುದಕ್ಕಿಂತ ಒಲ್ಲೆ ಎನ್ನುವ ಮಗಳನ್ನು ಎತ್ತುವುದು ಹೆಚ್ಚು ಭಾರ. ಅದು ನನಗೆ ಈಗ ಅರ್ಥವಾಗುತ್ತದೆ. ಅರ್ಥವಾದದ್ದನ್ನೆಲ್ಲ ಒಪ್ಪಿಕೊಳ್ಳಬೇಕಿಲ್ಲ.

ಮನೆಗೇ ಬಂದು ನನಗೆ ಪಾಠ ಹೇಳುತ್ತಿದ್ದವರು ನಸೀಮಾ ಟೀಚರ್. ಬೀಜದ ಚೀಟಿನ ಹಲಗೆಯನ್ನು ಮೊದಲ ದಿನ ನೋಡಿ ಅವರು ಅದರ ಫೋಟೋ ತೆಗೆದುಕೊಂಡರು. ನಾನು ಹನ್ನೆರಡರಲ್ಲಿದ್ದಾಗ, ಇದೇ ಕೆಲಸವನ್ನು ಟ್ಯಾಬ್ಲೆಟ್ ಮಾಡುತ್ತದೆ, ಮುಟ್ಟಿದರೆ ಮಾತಾಡುತ್ತದೆ ಎಂದು ಅಪ್ಪನಿಗೆ ಹೇಳಿ, ಬೆನ್ನು ಹತ್ತಿ ತರಿಸಿದವರೂ ಅವರೇ. ಪರದೆಯ ತುಂಬ ಚೌಕಗಳು, ಒಂದೊಂದರಲ್ಲಿ ಒಂದು ಚಿತ್ರ. ನನ್ನ ಕೈ ಜಾರಿ ನಾಲ್ಕು ಚೌಕಗಳನ್ನು ಒಟ್ಟಿಗೆ ಮುಟ್ಟಿಬಿಡುತ್ತಿತ್ತು. ಬಡಿಗ ತೆಳ್ಳನೆಯ ಹಲಗೆಯಲ್ಲಿ ಚೌಕಕ್ಕೊಂದು ತೂತು ಕೊರೆದು ಪರದೆಯ ಮೇಲೆ ಕೂರಿಸಿಕೊಟ್ಟ; ಗೆಣ್ಣು ಈಗ ತೂತಿನೊಳಗೆ ಇಳಿದು ನಿಲ್ಲುತ್ತಿತ್ತು. ಮೊದಲು ನೀರಿನ ಚೌಕ ಮುಟ್ಟಿದೆ. ಯಂತ್ರದೊಳಗಿನ ಹೆಣ್ಣುದನಿ, ವಾರ್ತೆ ಓದುವವರ ಹಾಗೆ, "ನನಗೆ ಬಾಯಾರಿಕೆಯಾಗಿದೆ" ಎಂದಿತು. ಆಯಿ ಕಿವಿಯ ಹಿಂದೆ ಕೈ ಇಟ್ಟುಕೊಂಡು ಮುಂದೆ ಬಾಗಿದಳು.

"ಯಾರಕೀ? ಈ ಬೆಂಗಳೂರಾಕಿ ನಮ್ಮ ಕೂಸಿನ ಬಾಯಾಗ ಯಾಕ ಕುಂತಾಳ? ಎಬ್ಬಸ್ರಿ ಆಕಿನ್ನ."

ಬೇರೆಯವರ ದನಿಯನ್ನೂ ಅದರಲ್ಲಿ ತುಂಬಬಹುದು ಎಂದರು ಟೀಚರ್. ಯಾರ ದನಿ ಎಂದು ಚರ್ಚೆಯೇ ಆಗಲಿಲ್ಲ, ಅಕ್ಕನದು. ಒಂದು ರವಿವಾರ ಮಧ್ಯಾಹ್ನ ಬೀಜದ ಖೋಲಿಯಲ್ಲಿ ಕುಳಿತೆವು. ಚೀಲಗಳು ಬೀದಿಯ ಸದ್ದನ್ನು ನುಂಗುತ್ತಿದ್ದವು. ಅಕ್ಕ ಒಂದೊಂದೇ ಚೌಕಕ್ಕೆ ಮಾತು ತುಂಬುತ್ತ ಹೋದಳು. ಬಾಗಿಲಲ್ಲಿ ನಿಂತ ಅವ್ವ ಏನೇನು ಇರಬೇಕೆಂದು ಹೇಳುತ್ತಿದ್ದಳು. ಬರ್ರಿ. ಕುಂದ್ರಿ. ಆರಾಮ ಅದೀರಿ? ಚಹಾ ತಗೋರಿ. ಮನೆಗೆ ಬಂದವರಿಗೆ ಹೇಳುವ ಮಾತುಗಳೆಲ್ಲ ತುಂಬಿದವು, ಬಂದವರಿಗೆ ಕಾಣದಂತೆ ಇಡುತ್ತಿದ್ದ ಮಗಳ ಯಂತ್ರದಲ್ಲಿ. ಇದು ವಿಚಿತ್ರ ಎಂದು ಅಂದು ಯಾರಿಗೂ ಹೊಳೆಯಲಿಲ್ಲ. ಹಾಲು ಉಕ್ಕಿದ ವಾಸನೆ ಬಂದು ಅವ್ವ ಒಳಗೆ ಓಡಿದಾಗ ಅಕ್ಕ ಕೆಳಗಿನ ಮೂಲೆಯ ಖಾಲಿ ಚೌಕ ಒತ್ತಿ, ಬಾಯಿ ಹತ್ತಿರ ತಂದು ಒಂದೇ ಮಾತು ಹೇಳಿದಳು. "ಒಲ್ಲೆ." ಕಾಲೇಜಿನ ಪ್ರವಾಸಕ್ಕೆ ಆಕೆಯನ್ನು ಕಳಿಸುವುದಿಲ್ಲ ಎಂದು ಅಂದು ಬೆಳಿಗ್ಗೆಯೇ ಅಪ್ಪ ತೀರ್ಮಾನಿಸಿದ್ದ. ಅಪ್ಪನಿಗೆ ಹೇಳಲಾರದ್ದನ್ನು ಆಕೆ ನನ್ನ ಯಂತ್ರಕ್ಕೆ ಹೇಳಿದಳು. ಅಷ್ಟು ಗಟ್ಟಿಯಾದ ದನಿ ಆಕೆಯ ಬಾಯಿಂದ ಬಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮೊದಲ ತಿಂಗಳು ನಾನು ಆ ಮೂಲೆಯಲ್ಲೇ ಇದ್ದೆ. ತಲೆಗೆ ಎಣ್ಣೆ: ಒಲ್ಲೆ. ಹೀರೇಕಾಯಿ: ಒಲ್ಲೆ. ಮಲಗು: ಒಲ್ಲೆ. ಹಸಿವಾಗಿದ್ದಾಗಲೂ ಊಟಕ್ಕೆ ಒಲ್ಲೆ ಎಂದೆ, ಆಮೇಲೆ ಒಂದು ತಾಸು ಹಸಿದುಕೊಂಡು ಕುಳಿತೆ, ಅದರಲ್ಲಿ ನನಗೆ ಸುಖವಿತ್ತು. ನನ್ನ ಹಸಿವು ನನ್ನ ತೀರ್ಮಾನವಾದದ್ದು ಅದೇ ಮೊದಲು. ಆಯಿ ಗಲ್ಲ ಒತ್ತುವುದನ್ನು ಬಿಟ್ಟಳು. "ಹುಲಿ ಆಗ್ಯಾಳ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಅವ್ವ ಬೇರೆ ಉಪಾಯ ಕಂಡುಕೊಂಡಳು. ಒಲ್ಲೆ ಜಾಸ್ತಿಯಾದರೆ, "ಚಾರ್ಜ್ ಮುಗದಂಗ ಐತಿ, ತಾ ಇಲ್ಲಿ" ಎಂದು ಯಂತ್ರವನ್ನು ತೆಗೆದುಕೊಂಡು ಹೋಗಿ ನಡುಮನೆಯ ಗೂಡಿನಲ್ಲಿ ಚಾರ್ಜಿಗೆ ಹಾಕುತ್ತಿದ್ದಳು. ಮಂದಿ ಬಂದಾಗಲಂತೂ ತಪ್ಪದೆ. ನಮ್ಮ ಮನೆಯಲ್ಲಿ ಚಾರ್ಜಿಗೆ ಹಾಕುವುದು ಎಂದರೆ ನನ್ನ ಬಾಯಿ ಮುಚ್ಚಿಸುವುದು.

ಅಕ್ಕನ ಡಿಗ್ರಿ ಮುಗಿಯಿತು. ಹಾವೇರಿಯಲ್ಲಿದ್ದ ಅತ್ತಿ, ಅಂದರೆ ಅಪ್ಪನ ಅಕ್ಕ, ಒಂದು ಸಂಬಂಧ ತಂದಳು. ಹುಡುಗ ಹಾವೇರಿಯ ಕಾಲೇಜೊಂದರಲ್ಲಿ ಲೆಕ್ಚರರ್. ಅಕ್ಕ ಅವನನ್ನು ಯಾರದೋ ಮದುವೆಯಲ್ಲಿ ನೋಡಿದ್ದಳು, ಮಾತಾಡಿದ್ದಳು ಕೂಡ. ಅವನ ಫೋಟೋ ಬಂದ ಮೇಲೆ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡದ್ದು ನನಗೆ ಗೊತ್ತಿತ್ತು. ನನ್ನ ಮುಂದೆ ಆಕೆ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಹಾಗಾಗಿ ಒಂದು ಮಾತು ಸ್ಪಷ್ಟವಾಗಿರಲಿ: ಅಕ್ಕನಿಗೆ ಆ ಹುಡುಗ ಬೇಕಾಗಿದ್ದ.

ಕನ್ಯೆ ನೋಡಲು ಬರುವ ದಿನ ಅತ್ತಿ ಬೆಳಿಗ್ಗೆಯೇ ಬಂದು ಮನೆಯನ್ನು ಕೈಗೆ ತೆಗೆದುಕೊಂಡಳು. ಪಡಸಾಲೆಗೆ ಹೊಸ ಜಮಖಾನ ಬಂತು, ನಾನು ಖೋಲಿಗೆ ಹೋದೆ. ಗಡಿಬಿಡಿಯಲ್ಲಿ ಅವ್ವ ಒಂದು ತಪ್ಪು ಮಾಡಿದಳು. ನಾನು ಸುಮ್ಮನಿರಲಿ ಎಂದು ಯಂತ್ರವನ್ನು ನನ್ನ ಹಲಗೆಯ ಮೇಲೆಯೇ ಬಿಟ್ಟಳು, ಅಳುವ ಕೂಸಿಗೆ ಗಿಲಕಿ ಕೊಟ್ಟ ಹಾಗೆ. ಆಯಿಯ ಕಿವಿ ಮಂದವಾದ್ದರಿಂದ ಅದರ ದನಿ ಯಾವಾಗಲೂ ಪೂರ್ತಿ ಏರಿಸಿಯೇ ಇರುತ್ತಿತ್ತು. ಯಾರೂ ಅದನ್ನು ಯೋಚಿಸಲಿಲ್ಲ, ನಾನೂ. ಬಾಗಿಲಿನಾಚೆ ಕಪ್ಪು-ಬಸಿಗಳ ಸಪ್ಪಳ, ನಗು. ಅಡಿಗೆ ಬರುತ್ತದೆಯೇ, ಎಷ್ಟು ಓದಿದ್ದೀ ಎಂಬ ಪ್ರಶ್ನೆಗಳಿಗೆ ಅಕ್ಕನ ಮೆಲ್ಲನೆಯ ಉತ್ತರಗಳು. ಆಮೇಲೆ ಹುಡುಗನ ತಂದೆ ಅಪ್ಪನನ್ನು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ನಿಮಗ ಮಕ್ಕಳು ಎಷ್ಟ ಮಂದಿರೀ?"

ಅಪ್ಪನಿಗಿಂತ ಮೊದಲು ಅತ್ತಿ ಉತ್ತರಿಸಿದಳು.

"ಒಬ್ಬಾಕೇರಿ. ನಮ್ಮ ತಮ್ಮಗ ಇಕಿ ಒಬ್ಬಾಕೆ."

ನಾನು ಅಪ್ಪನ ಮಾತಿಗಾಗಿ ಕಾದೆ. ನೂರು ಬೀಜಗಳಲ್ಲಿ ಒಂದು ತಪ್ಪಿದರೂ ಮತ್ತೆ ಮೊದಲಿನಿಂದ ಎಣಿಸುವ ಮನುಷ್ಯ ಅವನು.

"ಹೌದ್ರಿ" ಎಂದ ಅಪ್ಪ.

ನನ್ನ ಕೈ ಕೆಳಗಿನ ಮೂಲೆಗೆ ಹೊರಟಿತು. ಸಿಟ್ಟು ಬಂದಾಗ ನನ್ನ ಕೈ ಇನ್ನೂ ದೂರದ ದಾರಿ ಹಿಡಿಯುತ್ತದೆ. ಒಮ್ಮೆ ಹಲಗೆಯಿಂದ ಕೆಳಗೆ ಬಿತ್ತು, ಒಮ್ಮೆ ಎದೆಗೆ ಬಡಿಯಿತು, ಒಮ್ಮೆ ಪಕ್ಕದ ತೂತಿನ ಅಂಚಿಗೆ ಸಿಕ್ಕಿಕೊಂಡಿತು. ಆ ಹೊತ್ತಿನಲ್ಲಿ ಹೊರಗಿನ ಮಾತು ಮುಂದೆ ಹೋಗಿತ್ತು. ನನ್ನ ಬದುಕಿನುದ್ದಕ್ಕೂ ಹೀಗೆಯೇ. ನಾನು ಉತ್ತರ ಹಿಡಿದು ತಲುಪುವಷ್ಟರಲ್ಲಿ ಅಲ್ಲಿ ಬೇರೆ ಪ್ರಶ್ನೆ ಕುಳಿತಿರುತ್ತದೆ. ಅಂದು ಅಲ್ಲಿ ಕುಳಿತಿದ್ದದ್ದು ಹುಡುಗನ ತಾಯಿಯ ಪ್ರಶ್ನೆ.

"ನಾಚಬ್ಯಾಡವಾ ಶೈಲಾ. ನಮ್ಮ ಹುಡುಗ ನಿನ್ನ ಮನಸಿಗೆ ಬಂದಾನೋ ಇಲ್ಲೋ? ಬಾಯಿ ಬಿಟ್ಟು ಹೇಳ."

ಗೆಣ್ಣು ತೂತಿನೊಳಗೆ ಇಳಿಯಿತು. ಅಕ್ಕ ಬಾಯಿ ಬಿಡುವ ಮೊದಲೇ ಅಕ್ಕನ ದನಿ ಮನೆ ತುಂಬಿತು.

"ಒಲ್ಲೆ."

ಏನಾಗಿದೆ ಎಂದು ನನಗೆ ಆ ಕ್ಷಣದಲ್ಲೇ ತಿಳಿಯಿತು. ತಿಳಿದೂ ಇನ್ನೊಮ್ಮೆ ಒತ್ತಿದೆ. ಮತ್ತೊಮ್ಮೆ ಒತ್ತಿದೆ. ಮೊದಲನೆಯ ಒಲ್ಲೆ ಅಪ್ಪನ ಮಾತಿಗೆ. ಉಳಿದವು ಯಾರಿಗೆ ಎಂದು ಮನೆಯವರು ಎಷ್ಟೋ ಸಲ ಕೇಳಿದ್ದಾರೆ. ಆ ಬಾಗಿಲಿಗೆ ಎಂದು ಹೇಳಿದ್ದೇನೆ, ಈಗಲೂ ಅದನ್ನೇ ಹೇಳುತ್ತೇನೆ.

"ಒಳಗ ಯಾರ ಅದಾರ್ರಿ?" ಎಂದಳು ಹುಡುಗನ ತಾಯಿ.

"ಯಾರಿಲ್ರಿ, ಟೀವಿ," ಎಂದಳು ಅತ್ತಿ.

"ಎಲ್ಲೀ ಟೀವಿ?" ಇದು ಆಯಿ. "ಟೀವಿ ನಿನ್ನ ಬೆನ್ನ ಹಿಂದ ಐತಿ ನೋಡ. ಅದು ನಮ್ಮ ಸಣ್ಣ ಹುಡುಗಿ."

ಬಾಗಿಲು ತೆರೆದದ್ದು ಆಯಿಯೇ. ರೇಷ್ಮೆ ಸೀರೆಯ ಹೆಂಗಸು ಚೌಕಟ್ಟಿನಲ್ಲಿ ನಿಂತು ನನ್ನ ಕುರ್ಚಿ, ಪಟ್ಟಿ, ಜೊಲ್ಲು ಒರೆಸುವ ಟವೆಲ್ಲು ಎಲ್ಲವನ್ನೂ ಕ್ರಮವಾಗಿ ನೋಡಿ "ಅಯ್ಯ ಪಾಪ" ಎಂದಳು. ನನಗೆ ಮೇಲಿನ ಸಾಲಿನ ಚೌಕಗಳು ಹತ್ತಿರವಿದ್ದವು. ಒತ್ತಿದೆ. ಬರ್ರಿ. ಕುಂದ್ರಿ. ಆರಾಮ ಅದೀರಿ? ಈಗಷ್ಟೇ ಹೊರಗೆ ಕೇಳಿದ ಹುಡುಗಿಯ ಅದೇ ಮೆಲುದನಿ ಬೀಜದ ಚೀಲಗಳ ನಡುವಿನಿಂದ ತನ್ನನ್ನು ಉಪಚರಿಸುವುದನ್ನು ಕೇಳಿ ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಚಹಾ ತಗೋರಿ ಒತ್ತುವಷ್ಟರಲ್ಲಿ ಹೋಗಿ ಕುಳಿತಳು, ಆದರೆ ಚಹಾ ಮುಟ್ಟಲಿಲ್ಲ.

ಎರಡು ದಿನಕ್ಕೆ ಅತ್ತಿಯ ಫೋನು ಬಂತು. ಹುಡುಗಿಗೆ ಮನಸ್ಸಿಲ್ಲದಂತೆ ಕಾಣುತ್ತದೆ, ಜಬರದಸ್ತಿ ಬೇಡ ಎಂದು ಹುಡುಗನ ಮನೆಯವರು ಹೇಳಿದ್ದರು. ಅದು ನೆಪವೋ ಖರೆಯೋ ನಮಗೆ ತಿಳಿಯಲಿಲ್ಲ. ಅಕ್ಕ ಅಂದು ಸಂಜೆ ನನ್ನ ಮುಂದೆ ಬಂದು ಕುಳಿತಳು. ಬೈದಿದ್ದರೆ ಸಹಿಸಬಹುದಿತ್ತು.

"ನಾ ಹೂಂ ಅನ್ನಾಕ ಕುಂತಿದ್ದೆ, ಪಾರೂ. ನೀ ನನ್ನ ದನೀಲೆ ಒಲ್ಲೆ ಅಂದಿ."

ಹಲಗೆಯ ಮೇಲಿನ ಯಂತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ಹೇಳಿದಳು:

"ನನ್ನ ದನಿ ನನಗ ಬೇಕು. ಕೊಡು."

ಯಂತ್ರದಲ್ಲಿ ಒಂದು ಮಾತನ್ನು ಅಳಿಸಬೇಕಾದರೆ ಮೊದಲು ಅದನ್ನು ಒಮ್ಮೆ ಕೇಳಬೇಕು. ಆಮೇಲೆ ತೆಗೆಯಲೇ ಎಂದು ಅದು ಕೇಳುತ್ತದೆ. ಅಕ್ಕ ಒಂದೊಂದನ್ನೇ ಕೇಳಿ ತೆಗೆದಳು. ನೀರು ಹೋಯಿತು, ಊಟ ಹೋಯಿತು, ಆಯಿ ಹೋದಳು. ಕೊನೆಯ ಮೂಲೆಯದನ್ನು ಎರಡು ಸಲ ಕೇಳಿದಳು, ಆಮೇಲೆ ಅದನ್ನೂ ತೆಗೆದಳು. ತಡೆಯಲು ನನಗೆ ಕೈ ಸಾಲುತ್ತಿರಲಿಲ್ಲ, ಸಾಲುತ್ತಿದ್ದರೂ ತಡೆಯುತ್ತಿರಲಿಲ್ಲ. ದನಿ ಆಕೆಯದು. ನನಗೆ ಕೊಟ್ಟದ್ದು ಆಕೆಯ ಇಷ್ಟ, ಹಿಂದಕ್ಕೆ ತೆಗೆದುಕೊಂಡದ್ದೂ ಆಕೆಯ ಇಷ್ಟ. ನಾನು ಕ್ಷಮೆ ಕೇಳಲಿಲ್ಲ. ಆಕೆಯ ನೋವಿಗೆ ನನಗೆ ನೋವಿತ್ತು, ಈಗಲೂ ಇದೆ. ಆದರೆ ಕ್ಷಮೆ ಕೇಳಿದ್ದರೆ, ಮಗಳು ಒಬ್ಬಳೇ ಎಂಬ ಲೆಕ್ಕಕ್ಕೆ ನಾನೂ ಹೌದು ಎಂದಂತೆ ಆಗುತ್ತಿತ್ತು. ಐದು ತಿಂಗಳು ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ತಲೆ ಬಾಚುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು, ಮಾತಿಲ್ಲದೆ.

ಚೌಕಗಳು ಬರಿದಾದ ಮೇಲೆ ನನಗೆ ಉಳಿದದ್ದು ಬೆಂಗಳೂರಾಕೆಯ ದನಿ ಮತ್ತು ಅಕ್ಷರಗಳ ಪುಟ. ನಸೀಮಾ ಟೀಚರ್ ಅಕ್ಷರ ಕಲಿಸಿ ಎಷ್ಟೋ ದಿನವಾಗಿತ್ತು. ಚಿತ್ರ ಒತ್ತಿದರೆ ಅಕ್ಕ ಮಾತಾಡುವಾಗ ಅಕ್ಷರ ಜೋಡಿಸುವ ತಾಪತ್ರಯ ಯಾಕೆ ಎಂದು ನಾನು ಸೋಮಾರಿತನ ಮಾಡಿದ್ದೆ. ಈಗ ಜೋಡಿಸಿದೆ. ಮೊದಲ ಪೂರ್ಣ ವಾಕ್ಯಕ್ಕೆ ಒಂದು ಮುಂಜಾನೆ ಹಿಡಿಯಿತು. ಅಪ್ಪ ಒದ್ದೆ ಬಟ್ಟೆ ಬಿಚ್ಚಿ ಕಡ್ಡಿ ಹಿಡಿದು ಕುಳಿತಿದ್ದ. ಯಂತ್ರ ತನ್ನ ವಾರ್ತೆಯ ದನಿಯಲ್ಲಿ ಕೇಳಿತು: "ಅಪ್ಪ, ನಿಮಗೆ ಮಕ್ಕಳು ಎಷ್ಟು ಮಂದಿ?" ಅಪ್ಪನ ಕಡ್ಡಿ ಎಲ್ಲಿತ್ತೋ ಅಲ್ಲಿಯೇ ನಿಂತಿತು.

"ಇಬ್ಬರವಾ."

ಮತ್ತೆ ಒತ್ತಿದೆ.

"ಇಬ್ಬರು ಅಂದೆನಲ್ಲ."

ಮರುದಿನವೂ ಕೇಳಿದೆ. ಅದರ ಮರುದಿನವೂ. ಎಣಿಕೆಗೆ ಕೂರುವ ಮೊದಲು ಅಪ್ಪ ಆ ಪ್ರಶ್ನೆಗೆ ಉತ್ತರ ಕೊಡಲೇಬೇಕಾಯಿತು, ಇಲ್ಲದಿದ್ದರೆ ನನ್ನ ಕಣ್ಣು ಮೇಲೂ ಇಲ್ಲ, ಕೆಳಗೂ ಇಲ್ಲ. ಒಂದು ವಾರದ ನಂತರ, ನಾನು ಕೇಳುವ ಮೊದಲೇ "ಇಬ್ಬರು" ಎಂದು ಹೇಳಿ ಬಟ್ಟೆ ಹಾಸತೊಡಗಿದ. ಯಂತ್ರದ ಆ ಪುಸ್ತಕದಂಥ ಕನ್ನಡ ಮನೆಯಲ್ಲಿ ಯಾರದೂ ಅಲ್ಲದ್ದರಿಂದ ಯಾರೂ ಅದನ್ನು ಹಿಂದಕ್ಕೆ ಕೇಳಲು ಬರುತ್ತಿರಲಿಲ್ಲ. ಪರೀಕ್ಷೆಗಳನ್ನು, ವಿಶ್ವವಿದ್ಯಾಲಯವನ್ನು ಅದರಲ್ಲೇ ದಾಟಿದೆ. ಈ ಪುಟವನ್ನೂ ಅದೇ ಗೆಣ್ಣಿನಿಂದ, ಅದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮುಂದಿನ ವರ್ಷ ಬ್ಯಾಡಗಿಯಿಂದ ಇನ್ನೊಂದು ಸಂಬಂಧ ಬಂತು, ಮೆಣಸಿನಕಾಯಿ ವ್ಯಾಪಾರದ ಮನೆ. ಬರುವ ದಿನ ಅವ್ವ ಎಂದಿನಂತೆ ನನ್ನ ಕುರ್ಚಿಯ ಹಿಂದೆ ಬಂದು ನಿಂತಳು. ಅಡಿಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದ ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಆಕಿ ಪಡಸಾಲ್ಯಾಗ ಇರಲಿ."

"ಹೋದ ಸಲ ಆದದ್ದು ಸಾಲಲಿಲ್ಲೇನ ನಿನಗ?" ಎಂದಳು ಅವ್ವ.

"ಸಾಕಾಗೈತಿ. ಅದಕ ಹೇಳಾಕತ್ತೇನಿ. ಬಂದವರು ಮೊದಲ ಆಕಿನ್ನ ನೋಡ್ಲಿ. ಓಡೋರು ಲಗೂ ಓಡ್ತಾರ, ಉಪ್ಪಿಟ್ಟಾದ್ರೂ ಉಳೀತೈತಿ."

ನನ್ನ ಕಡೆ ನೋಡದೆ ಒಳಗೆ ಹೋದಳು. ಅದು ಪ್ರೀತಿಯ ಮಾತಾಗಿರಲಿಲ್ಲ. ಪ್ರೀತಿಗಿಂತ ಹೆಚ್ಚು ಕೆಲಸಕ್ಕೆ ಬರುವ ಮಾತಾಗಿತ್ತು.

ಮೂವರು ಬಂದರು: ಹುಡುಗ, ತಂದೆ, ತಾಯಿ. ನಾನು ಪಡಸಾಲೆಯಲ್ಲಿ, ಬಾಗಿಲಿಗೆ ನೇರವಾಗಿ ಇದ್ದೆ. ನನ್ನ ಕೈ ತಡ ಮಾಡುತ್ತದೆಂದು ಗೊತ್ತಿದ್ದರಿಂದ ಹಿಂದಿನ ದಿನವೇ ನನ್ನ ಮಾತನ್ನು ಬರೆದು ಒಂದು ಚೌಕದಲ್ಲಿ ಇಟ್ಟುಕೊಂಡಿದ್ದೆ. ಅವರು ಜಮಖಾನದ ಮೇಲೆ ಕುಳಿತು, ಚಹಾದ ಕಪ್ಪು ಕೈಗೆ ತೆಗೆದುಕೊಂಡದ್ದೇ ಒತ್ತಿದೆ.

"ನಮಸ್ಕಾರ. ನಾನು ಪಾರ್ವತಿ, ಶೈಲಾಳ ತಂಗಿ. ನಿಮ್ಮ ಮನೆಯ ಹೊಸ್ತಿಲು ಎಷ್ಟು ಎತ್ತರವಿದೆ?"

ಹುಡುಗನ ತಂದೆ ಯಂತ್ರವನ್ನು ನೋಡಿದ, ನನ್ನನ್ನು ನೋಡಿದ, ಉತ್ತರವನ್ನು ಅಪ್ಪನ ಮುಖದಲ್ಲಿ ಹುಡುಕಿದ.

"ನನ್ನ ನೋಡಬ್ಯಾಡ್ರಿ," ಎಂದ ಅಪ್ಪ. "ಕೇಳಿದಾಕಿ ಆಕಿ. ನಮ್ಮ ಸಣ್ಣ ಮಗಳು."

"ಹೊಸ್ತಿಲು ಏನ್ರಿ... ಅದು ಯಾಕ ಬೇಕಾತವಾ ನಿನಗ?" ಅವನು ಈಗ ನನ್ನ ಕಡೆ ತಿರುಗಿದ.

ಇದನ್ನು ಕೇಳುತ್ತಾರೆಂದು ಗೊತ್ತಿತ್ತು. ಎರಡನೆಯ ಚೌಕ ಒತ್ತಿದೆ.

"ನಾನು ಅಕ್ಕನ ಮನೆಗೆ ಬರುತ್ತೇನೆ. ಹಬ್ಬಕ್ಕೆ ಬರುತ್ತೇನೆ, ಸುಮ್ಮನೆಯೂ ಬರುತ್ತೇನೆ. ಹೊಸ್ತಿಲು ಎತ್ತರವಿದ್ದರೆ ನನ್ನ ಚಕ್ರಗಳು ದಾಟುವುದಿಲ್ಲ."

ಪೂಜೆ ಮಾಡುವ ಹೊಸ್ತಿಲನ್ನು ಅಳೆದು ತೋರಿಸಿ ಎಂದು ಕನ್ಯೆ ನೋಡಲು ಬಂದವರನ್ನು ಯಾರೂ ಕೇಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹುಡುಗನ ತಂದೆಯ ಮೇಲೆ ಕಣ್ಣಿಟ್ಟು ಕಾದೆ. ಕಾಯುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಇನ್ನೂ ಕಂಡಿಲ್ಲ. ಆ ಮನುಷ್ಯ ಕಪ್ಪನ್ನು ಬಸಿಯ ಮೇಲೆ ಇಟ್ಟ. ಮುಂದೆ ಬಾಗಿ, ಅಂಗೈಯನ್ನು ನೆಲದ ಮೇಲೆ ಸ್ವಲ್ಪ ಎತ್ತರದಲ್ಲಿ ಅಡ್ಡ ಹಿಡಿದು ಯೋಚಿಸಿದ.

"ಇಷ್ಟ ಇರಬಹುದು ನೋಡವಾ."

"ಅಷ್ಟ ಅಲ್ರಿ, ಇನ್ನೂ ಎತ್ತರ ಐತಿ" ಎಂದು ಅವನ ಹೆಂಡತಿ ಅವನ ಮುಂಗೈ ಹಿಡಿದು ಇನ್ನೂ ಮೇಲಕ್ಕೆ ಎತ್ತಿದಳು. "ದಿನಾ ಸಾರಸಾಕಿ ನಾನು. ಇಷ್ಟ ಐತಿ."

ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ನಿಂತಿದ್ದಳು. ಒಳಗೆ ಬಂದು ಕೊಡಲೂ ಇಲ್ಲ, ಹಿಂದಕ್ಕೆ ಹೋಗಲೂ ಇಲ್ಲ. ಹುಡುಗ ತಲೆ ಎತ್ತಿ ಆಕೆಯನ್ನು ನೋಡಿದ. ಆಕೆ ಅವನನ್ನು ನೋಡುತ್ತಿರಲಿಲ್ಲ. ನೆಲದಿಂದ ಒಂದು ಗೇಣು ಮೇಲೆ ನಿಂತಿದ್ದ ಆ ಕೈಯನ್ನೇ ನೋಡುತ್ತಿದ್ದಳು.